ಮೊದಲು ಮಳೆ ಪುಸ್ತಕ, ಲ್ಯಾಪ್‌ಟಾಪ್ ಆಮೇಲೆ

ಪ್ರಶ್ನೆ: ನಾನು ಬಿಸಿಎ ಎರಡನೇ ವರ್ಷ, ಊರು ಸೋಮವಾರಪೇಟೆ ಹತ್ತಿರ. ಕ್ಲಾಸಲ್ಲಿ ಸರ್ ಬೋರ್ಡ್ ಮೇಲೆ ಪ್ರೋಗ್ರಾಂ ಬರೆದರೆ ಎಲ್ಲಾ ಅರ್ಥವಾಗುತ್ತದೆ. ನಾನೇ ಬರೆಯೋಕೆ ಕೂತರೆ ಮೊದಲ ಸಾಲೇ ಹೊಳೆಯಲ್ಲ. ನನಗೆ ತಲೆ ಸಾಲದಾ?

ಉತ್ತರ: ತಲೆಗೇನೂ ಆಗಿಲ್ಲ ಬಿಡಿ. ಬೇರೆಯವರು ಬಿಡಿಸಿದ್ದನ್ನು ಓದಿದ್ದೀರಿ, ನೀವೇ ಕೂತು ಬಿಡಿಸಿದ್ದು ಕಮ್ಮಿ, ಅಷ್ಟೇ.

ನಿಮ್ಮ ಕಡೆ ತೋಟದ ಮನೆಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟು ಲೆಕ್ಕದಲ್ಲಿ ಬರೆದಿಡುತ್ತಾರೆ ಅಲ್ವಾ, ಆ ಪುಸ್ತಕ ತೆಗೆಯಿರಿ. ಒಂದೇ ಪ್ರಶ್ನೆ: ಬಿಡದೆ ಮಳೆ ಬಂದಿದ್ದು ಹೆಚ್ಚೆಂದರೆ ಎಷ್ಟು ದಿನ?

ಕೋಡ್ ಆಮೇಲೆ. ಮಳೆ ಬಂದ ದಿನ ಅಂದರೆ ಯಾವುದು? ನಾಲ್ಕು ಹನಿ ಬಿದ್ದರೂ ಮಳೆನಾ? ಹವಾಮಾನ ಇಲಾಖೆಯವರು 2.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಮಾತ್ರ ಮಳೆ ದಿನ ಅನ್ನುತ್ತಾರೆ. ಇಂಚಿಗೆ 25.4 ಮಿ.ಮೀ., ಅಂದರೆ 100 ಸೆಂಟು. ಆ ಲೆಕ್ಕಕ್ಕೆ 2.5 ಮಿ.ಮೀ. ಸುಮಾರು 10 ಸೆಂಟು, ನಾವು ಅಷ್ಟು ಬಿದ್ದರೆ ಮಳೆ ದಿನ ಅಂತ ಇಟ್ಟುಕೊಳ್ಳೋಣ.

ಎಂಟು ದಿನದ ಲೆಕ್ಕ ಇಲ್ಲಿದೆ, ಸೆಂಟಲ್ಲಿ: 0, 40, 15, 0, 5, 60, 120, 35. ನೋಡಿದ ಕೂಡಲೇ ಮೂರು ದಿನ ಅಂತೀರಿ. ಸರಿ, ಆದರೆ ಕಂಪ್ಯೂಟರಿಗೆ ಹಾಗೆ ಒಟ್ಟಿಗೆ ಕಾಣುವುದಿಲ್ಲ. ಪುಟದ ಮೇಲೆ ಒಂದು ಕಾಗದ ಮುಚ್ಚಿ, ಒಂದೊಂದೇ ಅಂಕಿ ಬಿಚ್ಚುತ್ತಾ ಹೋಗಿ, ಹಿಂದಿನದನ್ನು ತಿರುಗಿ ನೋಡಬೇಡಿ. ಆಗ ಏನೇನು ನೆನಪಿಟ್ಟುಕೊಳ್ಳಬೇಕಾಯ್ತು? ಎರಡೇ ಎರಡು: ಈಗ ನಡೆಯುತ್ತಿರೋ ಎಣಿಕೆ, ಇಲ್ಲಿವರೆಗಿನ ದೊಡ್ಡ ಎಣಿಕೆ. ಇವೇ ನಿಮ್ಮ ವೇರಿಯಬಲ್‌ಗಳು. ಮಳೆ ಇದ್ದರೆ ಎಣಿಕೆಗೆ ಒಂದು ಸೇರಿಸಿ, ಇಲ್ಲದಿದ್ದರೆ ದೊಡ್ಡದರ ಜೊತೆ ಹೋಲಿಸಿ, ಮತ್ತೆ ಸೊನ್ನೆಯಿಂದ ಶುರು.

ಈಗ ಇದನ್ನೇ ಪೆನ್ಸಿಲ್‌ನಲ್ಲಿ ಸಾಲು ಸಾಲಾಗಿ ಮಾಡಿ ನೋಡಿ. ಉತ್ತರ 2 ಬರುತ್ತದೆ! ಯಾಕೆಂದರೆ ಕೊನೆಯ ಮೂರು ದಿನ ಮಳೆ ನಿಲ್ಲಲೇ ಇಲ್ಲ, ಹಾಗಾಗಿ ಹೋಲಿಸುವ ಸರದಿಯೇ ಬರಲಿಲ್ಲ. ಇದು ಹೊಸಬರು ಮಾತ್ರ ಮಾಡೋ ತಪ್ಪಲ್ಲ, ನಾನೂ ಮಾಡಿದ್ದೇನೆ, ಅದೂ ಎರಡೆರಡು ಸಲ. ಒಂದು ಸೇರಿಸಿದ ಕೂಡಲೇ ಹೋಲಿಸಿಬಿಡಿ, ಸರಿಹೋಗುತ್ತದೆ.

ಇಷ್ಟಾದ ಮೇಲೆ ಲ್ಯಾಪ್‌ಟಾಪ್ ತೆರೆಯಿರಿ, ಹತ್ತು ಸಾಲಿನ ಕೆಲಸ. ಮನೆಯವರೆಲ್ಲ ಮದುವೆಗೆ ಹೋಗಿ ಅಳೆಯದೆ ಖಾಲಿ ಬಿಟ್ಟ ದಿನ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಅಲ್ಲಿ ಸುಮ್ನೆ 0 ಹಾಕಬೇಡಿ, ಅವತ್ತು ಮಳೆ ಇತ್ತಾ ಅಂತ ಪಕ್ಕದ ತೋಟದವರ ಪುಸ್ತಕ ನೋಡಿ.