ಏನಾದರೂ ಕೊಳ್ಳುವಾಗ ಜನ ನಿಜವಾಗಿ ಎಷ್ಟು ಯೋಚಿಸುತ್ತಾರೆ?

ಬಹುಪಾಲು ವಸ್ತುಗಳಿಗೆ ಜಾಸ್ತಿ ಯೋಚಿಸುವುದಿಲ್ಲ. ಆಯ್ಕೆ ತಪ್ಪಿದರೆ ಎಷ್ಟು ನಷ್ಟ ಅನ್ನೋದರ ಮೇಲೆ ಯೋಚನೆ ನಿಂತಿದೆ. ನಮ್ಮ ದಾವಣಗೆರೆಯಲ್ಲೇ ನೋಡಿ. ಮಂಡಕ್ಕಿ, ಸೋಪಿಗೆ ಅರ್ಧ ನಿಮಿಷ ಸಾಕು, ಕೈ ತಾನಾಗೇ ಹೋಗುತ್ತದೆ. ಮೆಕ್ಕೆಜೋಳದ ಬೀಜ ಕೊಳ್ಳುವ ರೈತ ಮಾತ್ರ ಪಕ್ಕದ ಹೊಲದವರನ್ನು ಕೇಳದೆ ಚೀಲ ಮುಟ್ಟುವುದಿಲ್ಲ. ಬೀಜ ಕೆಟ್ಟರೆ ಒಂದು ಹಂಗಾಮೇ ಹೋಯಿತು, ಅಲ್ವಾ?

ಕಡಿಮೆ ಯೋಚಿಸುವುದು ದಡ್ಡತನವೇನಲ್ಲ. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ವಿವರಿಸಿದ್ದು ಇದನ್ನೇ. ನಮಗೆ ಸಮಯವೂ ಕಡಿಮೆ, ಮಾಹಿತಿಯೂ ಕಡಿಮೆ. ಹಾಗಾಗಿ ಎಲ್ಲಕ್ಕಿಂತ ಒಳ್ಳೆಯದನ್ನು ಹುಡುಕದೆ, ‘ಇದಾದರೆ ಸಾಕು’ ಅನ್ನಿಸಿದಲ್ಲಿ ನಿಲ್ಲುತ್ತೇವೆ.

ನನಗೆ ಬೇಸರವಾಗುವುದು ಸಾಲದ ಬೈಕ್ ವಿಷಯದಲ್ಲಿ. ಬಣ್ಣಕ್ಕೆ ವಾರಗಟ್ಟಲೆ ಚರ್ಚೆ, ಬಡ್ಡಿಯ ಲೆಕ್ಕಕ್ಕೆ ಐದೇ ನಿಮಿಷ. ಸಹಿ ಹಾಕುವ ಮುಂಚೆ ಒಟ್ಟು ಎಷ್ಟು ಕಟ್ಟಬೇಕು ಅಂತ ದಯವಿಟ್ಟು ಕೇಳಿ.