‘ಆ ಮಾತ್ರೆ ಬರೆಯುವುದಿಲ್ಲ’ ಎಂದರೆ ಏನು ಕೇಳಬೇಕು?

ಪತ್ರ: ನನಗೆ 34 ವರ್ಷ. ಮನಶ್ಶಾಸ್ತ್ರಜ್ಞರೊಬ್ಬರು ಪರೀಕ್ಷೆ ಮಾಡಿ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇದೆಯೆಂದು ವರದಿ ಕೊಟ್ಟಿದ್ದಾರೆ. ಅದನ್ನು ಹಿಡಿದು ಡಾಕ್ಟರ ಬಳಿ ಹೋದರೆ, ‘ಇಷ್ಟು ಓದಿ ಕೆಲಸಕ್ಕೆ ಸೇರಿದವರಿಗೆ ಅದೆಲ್ಲ ಇರುವುದಿಲ್ಲ, ಆ ಮಾತ್ರೆ ನಾನು ಬರೆಯುವುದಿಲ್ಲ’ ಎಂದು ಐದು ನಿಮಿಷದಲ್ಲಿ ಕಳಿಸಿಬಿಟ್ಟರು. ವಾದಿಸಲೇ, ಬೇರೆಯವರನ್ನು ಹುಡುಕಲೇ?

ಸಂಪಾದಕರ ಉತ್ತರ: ಎರಡಕ್ಕೂ ಮೊದಲು ಅವರನ್ನು ಒಂದು ಮಾತು ಕೇಳುವುದು ಬಾಕಿ ಇದೆ. ‘ಬರೆಯುವುದಿಲ್ಲ’ ಎನ್ನಲು ಕಾರಣ ಏನು? ನಿಮಗೆ ಈ ತೊಂದರೆ ಇದೆಯೆಂದೇ ಅವರಿಗೆ ಅನ್ನಿಸಿಲ್ಲವೋ, ಇದ್ದರೂ ಆ ಮಾತ್ರೆ ನಿಮ್ಮ ದೇಹಕ್ಕೆ ಆಗದೆಂಬ ಅಂಜಿಕೆಯೋ, ಇಲ್ಲಾ ಆ ಔಷಧಿ ಬರೆಯುವ ಅಧಿಕಾರವೇ ಅವರಿಗಿಲ್ಲವೋ? ಒಂದೊಂದಕ್ಕೂ ದಾರಿ ಬೇರೆ.

ಕೊನೆಯದಾದರೆ ವಾದ ದಂಡ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್, ಆಂಫೆಟಮೈನ್ ಎರಡೂ ವಿಶ್ವಸಂಸ್ಥೆಯ 1971ರ ಒಪ್ಪಂದದ ನಿಯಂತ್ರಿತ ಔಷಧಿಗಳ ಎರಡನೇ ಪಟ್ಟಿಯಲ್ಲಿವೆ. ಹಾಗಾಗಿ ಎಷ್ಟೋ ಕಡೆ ಇವನ್ನು ಮನೋವೈದ್ಯರೇ ಶುರುಮಾಡಬೇಕು. ನಿಮ್ಮ ಡಾಕ್ಟರಿಂದ ಮನೋವೈದ್ಯರಿಗೆ ಒಂದು ಪರಿಚಯ ಪತ್ರ ಬರೆಸಿಕೊಂಡು ಬನ್ನಿ, ಅಷ್ಟೇ.

ನಿಮ್ಮ ಡಾಕ್ಟರ ಮಾತು ನೋಡಿದರೆ ಅಡ್ಡಿ ಮೊದಲನೆಯದೇ ಇರಬೇಕು. ಅವರು ಹೇಳಿದ ಕಾರಣ ತಪ್ಪು. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್ಎಂ-5ರ ಮಾನದಂಡದಲ್ಲಿ ಪದವಿ, ನೌಕರಿಯ ಲೆಕ್ಕವೇ ಇಲ್ಲ. ಗಮನ ತಪ್ಪುವುದರ 9 ಲಕ್ಷಣಗಳಲ್ಲೋ, ಚಡಪಡಿಕೆ-ದುಡುಕಿನ 9ರಲ್ಲೋ ಕನಿಷ್ಠ 5 (17 ವರ್ಷದೊಳಗಿನವರಿಗೆ 6) ಆರು ತಿಂಗಳಾದರೂ ಇರಬೇಕು. ಕೆಲವು 12 ವರ್ಷ ತುಂಬುವ ಮುಂಚೆಯೇ ಕಂಡಿರಬೇಕು. ಎರಡು ಕಡೆಯಾದರೂ, ಅಂದರೆ ಮನೆಯಲ್ಲೂ ಕೆಲಸದಲ್ಲೂ, ತೊಂದರೆ ಕೊಡುತ್ತಿರಬೇಕು. ದೊಡ್ಡವರ ವರದಿಗಳು ಸಾಮಾನ್ಯವಾಗಿ ಸೋಲುವುದು ಬಾಲ್ಯದ ವಿಷಯದಲ್ಲಿ. ಅಂಕಗಳನ್ನು ಬಿಟ್ಟು, ಹಳೆಯ ಶಾಲಾ ಪ್ರಗತಿಪತ್ರದಲ್ಲಿ ಶಿಕ್ಷಕರು ಬರೆದ ಷರಾ ಹುಡುಕಿ. ನಿಮ್ಮನ್ನು ಎಳವೆಯಿಂದ ಬಲ್ಲ ಒಬ್ಬರಿಂದ ಅರ್ಧ ಪುಟ ಬರೆಸಿ, ಸಾಧ್ಯವಾದರೆ ಅವರನ್ನೇ ಕರೆದೊಯ್ಯಿರಿ.

ಉಳಿದದ್ದು ಒಂದು ಹಾಳೆಯಲ್ಲಿ ಮುಗಿಯಲಿ. ‘ಗಮನ ನಿಲ್ಲುವುದಿಲ್ಲ’ ಎಂದು ಬರೆದರೆ ಓದುವವರು ‘ಯಾರಿಗೆ ನಿಲ್ಲುತ್ತದೆ?’ ಎಂದುಕೊಳ್ಳುತ್ತಾರೆ. ‘ಮೂರು ತಿಂಗಳಲ್ಲಿ ಎರಡು ಸಲ ಬಿಲ್ಲು ಕಟ್ಟಲು ಮರೆತು ದಂಡ ತೆತ್ತೆ, ಒಂದು ಗಂಟೆಯ ವರದಿಗೆ ರಾತ್ರಿ ಎರಡರವರೆಗೆ ಕೂತೆ’ ಎಂಬಂಥದ್ದು ಬೇಕು. ನೀವು ನಿಭಾಯಿಸಿಕೊಂಡು ಬಂದಿದ್ದಕ್ಕೆ ತೆತ್ತ ಬೆಲೆಯನ್ನೂ ಬರೆಯಿರಿ. ಅವರ ಆಕ್ಷೇಪಕ್ಕೆ ನೇರ ಉತ್ತರ ಅದೇ. ವಿಶ್ವ ಆರೋಗ್ಯ ಸಂಸ್ಥೆಯ 18 ಪ್ರಶ್ನೆಗಳ ಎಎಸ್ಆರ್‌ಎಸ್ ಪಟ್ಟಿ ತುಂಬಿ ಜೊತೆಗಿಡಬಹುದು, ಆದರೆ ಅದು ಬರೀ ಜರಡಿ, ರೋಗನಿರ್ಣಯವಲ್ಲ. ಥೈರಾಯ್ಡ್, ನಿದ್ರೆ, ಗೊರಕೆ, ಖಿನ್ನತೆ, ಆತಂಕ, ಕುಡಿತ ಇವನ್ನೆಲ್ಲ ಮೊದಲು ನೋಡೋಣ ಎಂದರೆ ಸಾಗಹಾಕುತ್ತಿದ್ದಾರೆಂದು ತಿಳಿಯಬೇಡಿ. ನಿದ್ದೆಯಲ್ಲಿ ಉಸಿರು ಕಟ್ಟುವವರ ಹಗಲಿನ ಮಂಕು ಇದರಂತೆಯೇ ಕಾಣುತ್ತದೆ.

ಅಂಜಿಕೆ ದೇಹದ ವಿಷಯದ್ದಾದರೆ, ಅದಕ್ಕೆ ಆಧಾರವಿದೆ. ಈ ಮಾತ್ರೆಗಳು ರಕ್ತದೊತ್ತಡವನ್ನೂ ನಾಡಿ ಬಡಿತವನ್ನೂ ಏರಿಸುತ್ತವೆ. ಒಂದು ವಾರ ಬೆಳಿಗ್ಗೆ, ಸಂಜೆ ಎರಡನ್ನೂ ಅಳೆದು ಬರೆದಿಟ್ಟುಕೊಳ್ಳಿ. ಓಡುವಾಗ ಎದೆನೋವು, ತಲೆಸುತ್ತಿ ಬಿದ್ದದ್ದು, ಮನೆತನದಲ್ಲಿ ಎಳೆಯ ವಯಸ್ಸಿನ ಹಠಾತ್ ಸಾವು, ಗ್ಲಾಕೋಮಾ (ಕಣ್ಣಿನ ನರ ಹಾಳುಮಾಡುವ ಕಾಯಿಲೆ), ಬೈಪೋಲಾರ್ (ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ), ಭ್ರಮೆ ಕಂಡದ್ದು, ಯಾವುದನ್ನೂ ಮುಚ್ಚಿಡಬೇಡಿ. ಅಗತ್ಯವಿದ್ದರೆ ಇಸಿಜಿ ಮಾಡಿಸುತ್ತಾರೆ. ಎಂಎಒ ತಡೆ ಗುಂಪಿನ ಖಿನ್ನತೆಯ ಮಾತ್ರೆ ನಿಲ್ಲಿಸಿ 14 ದಿನ ಕಳೆಯದೆ ಇವನ್ನು ಶುರುಮಾಡುವಂತಿಲ್ಲ. ಮೂಗು ಕಟ್ಟಿದ್ದಕ್ಕೆ ನುಂಗುವ ಸೂಡೊಎಫೆಡ್ರಿನ್ ಕೂಡ ಡಾಕ್ಟರಿಗೆ ಹೇಳುವ ಪಟ್ಟಿಯಲ್ಲಿರಲಿ, ಅದೂ ರಕ್ತದೊತ್ತಡ ಏರಿಸುತ್ತದೆ.

ಈ ಮಾತ್ರೆಗಳು ಬೇಡವೇ ಬೇಡ ಎಂದಾದರೆ ಎಡಿಎಚ್‌ಡಿಯ ಇನ್ನೊಂದು ಔಷಧಿ ಅಟೊಮೊಕ್ಸೆಟಿನ್ ಬಗ್ಗೆ ಕೇಳಿ. ಅದು ಆ ನಿಯಂತ್ರಿತ ಪಟ್ಟಿಯಲ್ಲಿಲ್ಲ. ಆದರೆ ಗುಣ ಕಾಣಲು ನಾಲ್ಕರಿಂದ ಆರು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು; ಹತ್ತು ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಟ್ಟುಬಿಡಬೇಡಿ. ಅದೂ ರಕ್ತದೊತ್ತಡವನ್ನು ಸ್ವಲ್ಪ ಏರಿಸಬಲ್ಲದು. ಮತ್ತೊಂದು ಔಷಧಿ ಗ್ವಾನ್‌ಫಸಿನ್ ಇಳಿಸುತ್ತದೆ, ಆದರೆ ಅದನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡ ಮತ್ತೆ ಏರುತ್ತದೆ.

ಮಾತ್ರೆಯ ಹೆಸರು ಹೇಳಿಕೊಂಡು ಒಳಗೆ ಹೋಗಬೇಡಿ, ಅನುಮಾನ ಹುಟ್ಟುವುದೇ ಅಲ್ಲಿಂದ. ‘ಅತಿ ಕಡಿಮೆ ಡೋಸಿನಲ್ಲಿ ನಾಲ್ಕು ವಾರ ನೋಡೋಣ, ವಾರವಾರ ಒತ್ತಡ ಅಳೆದು ತರುತ್ತೇನೆ, ಗುಣ ಕಾಣದಿದ್ದರೆ ನಿಲ್ಲಿಸೋಣ’ ಎಂದು ಕೇಳಿದರೆ ಒಪ್ಪುವುದು ಸುಲಭ. ಬೇಗ ಕೆಲಸಮಾಡುವ ಮೀಥೈಲ್‌ಫೆನಿಡೇಟ್ ಮೂರ್ನಾಲ್ಕು ಗಂಟೆಯಲ್ಲಿ ಇಳಿದುಹೋಗುತ್ತದೆ, ಹಾಗಾಗಿ ಪ್ರಯೋಗವನ್ನು ಯಾವಾಗ ಬೇಕಾದರೂ ಕೈಬಿಡಬಹುದು. ಗೆಳೆಯರ ಮಾತ್ರೆ ನುಂಗಿ ‘ನನಗೆ ಕೆಲಸಮಾಡಿತು’ ಎಂದು ಮಾತ್ರ ಹೇಳಬೇಡಿ. ಅದು ಯಾರನ್ನಾದರೂ ಚುರುಕಾಗಿಸುತ್ತದೆ, ಎಡಿಎಚ್‌ಡಿಗೆ ಸಾಕ್ಷಿಯಾಗದು. ಮೇಲಾಗಿ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.

ಇಷ್ಟಾದರೂ ಒಪ್ಪದಿದ್ದರೆ, ಕಾರಣವನ್ನು ಕಡತದಲ್ಲಿ ಬರೆದು ಪ್ರತಿ ಕೊಡಿ ಎಂದು ಕೇಳಿ. ದನಿ ಏರಿಸದೆ, ಮುಂದಿನ ವೈದ್ಯರಿಗೆ ಬೇಕೆಂದು. ಬೇರೆಯವರ ಬಳಿ ಹೋದಾಗ ಆ ಪ್ರತಿಯನ್ನೇ ಮೊದಲು ಮುಂದಿಡಿ. ಹಳೆಯ ನಿರಾಕರಣೆಯನ್ನು ಬಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದರೆ, ಮಾತ್ರೆಗಾಗಿ ಅಲೆಯುವವರ ಸಾಲಿಗೆ ನಿಮ್ಮನ್ನೂ ಸೇರಿಸುತ್ತಾರೆ. ಸಮಯ ಗೊತ್ತುಮಾಡುವಾಗಲೇ ‘ಇದು ಐದು ನಿಮಿಷದ ಮಾತಲ್ಲ, ಹೆಚ್ಚು ಹೊತ್ತು ಬೇಕು’ ಎಂದು ಹೇಳಿಡಿ.