ಪ್ರತಿಕ್ರಿಯೆ: ಹೋಂಡಾ ಫಿಟ್ ಕಾರಿನಲ್ಲಿ ಸಿರಿಯಸ್‌ಎಕ್ಸ್‌ಎಂ (ಉಪಗ್ರಹ ರೇಡಿಯೋ) ಸಿಗ್ನಲ್ ಸ್ಥಿರವಾಗಿ ನಿಲ್ಲುತ್ತಿಲ್ಲ

ರಿಸೀವರ್ ಆನ್ ಆಗುತ್ತದೆ, ಆದರೆ ಬಯಲಲ್ಲಿ ನಿಂತರೂ ಹಾಡು ಕಟ್ ಆಗುತ್ತದೆ ಅಂದ್ರೆ ತೊಂದರೆ ಬಹುಶಃ ಆಂಟೆನಾ ಇಟ್ಟ ಜಾಗದ್ದು. ಡ್ಯಾಶ್‌ಬೋರ್ಡ್ ಒಳಗೆ ಸೇರಿಸಿದ್ದೇನೆ ಅಂದಿದ್ದೀರಿ. ನಾನೂ ಹಾಗೇ ಮಾಡಿ ಎರಡು ವಾರ ಒದ್ದಾಡಿದ್ದೆ. ಈ ಸಿಗ್ನಲ್ ಉಪಗ್ರಹದಿಂದ 2.3 ಗಿಗಾಹರ್ಟ್ಸ್‌ನಲ್ಲಿ ಬರುತ್ತದೆ, ಅದಕ್ಕೆ ಆಕಾಶ ನೇರವಾಗಿ ಕಾಣಬೇಕು.

ಮೊದಲು ಏನೂ ಬಿಚ್ಚಬೇಡಿ. ಆಂಟೆನಾ ಮಾತ್ರ ಹೊರಗೆ ಎಳೆದು, ಬಾಗಿಲು ತೆರೆದೇ ಇಟ್ಟು, ಸುಮ್ನೆ ಛಾವಣಿ ಮೇಲೆ ಕೂರಿಸಿ ನೋಡಿ. ಸಿಗ್ನಲ್ ಗೀಟುಗಳು ತುಂಬಿದರೆ ಕಾರಣ ಅದೇ. ತುಂಬದಿದ್ದರೆ ರಿಸೀವರ್ ಹಿಂದಿನ ಆಂಟೆನಾ ಪಿನ್ ಸಡಿಲ ಇರಬಹುದು, ವೈರ್ ಎಲ್ಲೋ ಜಜ್ಜಿರಲೂಬಹುದು. ಕಾರು ನೋಡದೆ ಇಷ್ಟೇ ಹೇಳಬಲ್ಲೆ.

ಆಮೇಲೆ ಛಾವಣಿಯ ಹಿಂಭಾಗ ಒರೆಸಿ, ಅಂಚಿನಿಂದ ಮೂರು ಇಂಚಾದರೂ ಒಳಗೆ ಆಂಟೆನಾ ಇಡಿ, ಅಯಸ್ಕಾಂತ ತಾನೇ ಹಿಡಿದುಕೊಳ್ಳುತ್ತದೆ. ವೈರನ್ನು ಹಿಂಬಾಗಿಲಿನ ರಬ್ಬರ್ ಅಡಿಗೆ ಹಳೇ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಕೆಳಗಿನ ಮೂಲೆವರೆಗೆ ತಂದು ಅಲ್ಲಿಂದ ಒಳಗೆ ತೆಗೆದುಕೊಳ್ಳಿ, ಮೇಲಿಂದ ತಂದರೆ ಮಳೆ ನೀರು ವೈರ್ ಹಿಡಿದು ಒಳಗಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ಕಾರ್ಪೆಟ್ ಅಡಿಯಲ್ಲೇ ತನ್ನಿ. ಕಿಟಕಿ ಪಕ್ಕದ ಕಂಬದೊಳಗೆ ಖಂಡಿತ ತೂರಿಸಬೇಡಿ, ಅಲ್ಲಿ ಏರ್‌ಬ್ಯಾಗ್ ಇರುತ್ತದೆ.

ಇಷ್ಟಾದರೂ ಚಾನೆಲ್ ಬರದಿದ್ದರೆ 0 ನಂಬರ್ ಚಾನೆಲ್‌ನಲ್ಲಿ ಕಾಣುವ ರೇಡಿಯೋ ಐಡಿ (ನಿಮ್ಮ ರಿಸೀವರ್‌ನ ಗುರುತು ಸಂಖ್ಯೆ) ಬರೆದುಕೊಂಡು, ಕಾರನ್ನು ಬಯಲಲ್ಲೇ ನಿಲ್ಲಿಸಿ, ರೇಡಿಯೋ ಆನ್ ಇಟ್ಟುಕೊಂಡು ರಿಫ್ರೆಶ್ ಸಿಗ್ನಲ್ (ಚಂದಾ ಚಾನೆಲ್‌ಗಳನ್ನು ಮತ್ತೆ ಚಾಲೂ ಮಾಡುವ ಸಂಕೇತ) ಕಳಿಸಲು ಸಿರಿಯಸ್‌ಎಕ್ಸ್‌ಎಂನವರಿಗೆ ಹೇಳಿ.